ಹೆಸರು ಮತ್ತು ಗುರುತು: ಗಣಕಜಾಲದ ಖಾತೆಗಳ ವಿಚಾರ

ಮೈಸೂರು ಜಿಲ್ಲೆಯ ನಂಜನಗೂಡಿನ ಮಗ್ಗುಲಲ್ಲಿ ಹರಿಯುವ ಹೊಳೆಯನ್ನು ಅಲ್ಲಿಯ ಜನ ಕಪಿಲಾ ನದಿಯೆಂದು ಕರೆಯುತ್ತಾರೆ. ಭೂಪಟದಲ್ಲಿ ಅದಕ್ಕೆ ಕಬಿನಿ ಎಂದು ಹೆಸರು. ಹೆಸರು ಎರಡಾದರೂ ನೀರು ಒಂದೇ. ಈ ನದಿ ಮುಂದೆ ಹರಿದು ಕಾವೇರಿಯನ್ನು ಕೂಡುವ ಸ್ಥಳದಲ್ಲಿ ತಿರುಮಕೂಡಲು ನರಸೀಪುರವಿದೆ. ಇಷ್ಟು ಉದ್ದದ ಹೆಸರನ್ನು ದಿನಬಳಕೆಯಲ್ಲಿ ಪೂರ್ಣವಾಗಿ ಹೇಳುವವರು ವಿರಳ. ಕೆಲವರು 'ತಿ. ನರಸೀಪುರ' ಎಂದು ಬರೆಯುತ್ತಾರೆ. ಇಂಗ್ಲಿಷಿನ ಮೊದಲ ಅಕ್ಷರವನ್ನು ಹಿಡಿದು 'ಟಿ. ನರಸೀಪುರ' ಎಂದು ಬರೆಯುವವರೂ ಉಂಟು. ಆ ಒಂದಕ್ಷರವನ್ನೂ ಬಿಟ್ಟು ಬರಿಯ 'ನರಸೀಪುರ' ಎಂದರೆ, ಹಾಸನ ಜಿಲ್ಲೆಯವರು ತಮ್ಮ ಹೊಳೆನರಸೀಪುರವೆಂದೇ ತಿಳಿದಾರು.

ಮನುಷ್ಯರ ವ್ಯವಹಾರದಲ್ಲಿ ಇದರಿಂದ ಹೆಚ್ಚಿನ ತೊಡಕು ಉಂಟಾಗುವುದಿಲ್ಲ. ಸಂಶಯ ಬಂದರೆ ಬಸ್ಸಿನ ಕಂಡಕ್ಟರು "ಯಾವ ನರಸೀಪುರ?" ಎಂದು ಮರುಪ್ರಶ್ನೆ ಹಾಕುತ್ತಾನೆ. ಗಣಕಯಂತ್ರಕ್ಕೆ ಈ ಲೋಕಜ್ಞಾನವಿಲ್ಲ. ಅದರ ಲೆಕ್ಕದಲ್ಲಿ ಒಂದು ಚುಕ್ಕೆ ಹೆಚ್ಚಾದರೂ ಅದು ಬೇರೆಯ ಹೆಸರು. ಒಂದು ಅಕ್ಷರ ಕಡಿಮೆಯಾದರೂ ಬೇರೆಯ ಹೆಸರು. ಹೀಗಿರುವಾಗ ನೂರಾರು ಹೆಸರುಗಳ ಪಟ್ಟಿಯನ್ನು ಅದರ ಮುಂದಿಟ್ಟು, 'ಇವರಿಗೆಲ್ಲ ಖಾತೆಯನ್ನು ತೆರೆ, ಅವರ ಖಾತೆಗಳನ್ನು ಮುಚ್ಚು' ಎಂದು ಒಂದೇ ಸಲಕ್ಕೆ ಅಪ್ಪಣೆ ಕೊಟ್ಟರೆ ಆಗಬಹುದಾದ ಪ್ರಮಾದ ಸಾಮಾನ್ಯವಾದುದಲ್ಲ. ಒಬ್ಬ ವಿದ್ಯಾರ್ಥಿಯ ವರ್ಷದ ಶ್ರಮ ಮತ್ತೊಬ್ಬನ ಪಾಲಾಗಬಹುದು. ಇಲ್ಲವೆ ಪರೀಕ್ಷೆಯ ಹಿಂದಿನ ದಿನ ಅಳಿಸಿಯೇ ಹೋಗಬಹುದು. ಈ ಅಪಾಯ ಹೇಗೆ ಬರುತ್ತದೆ, ಅದನ್ನು ತಡೆಯುವ ಉಪಾಯವೇನು ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಖಾತೆ ಏಕೆ ಬೇಕಾಯಿತು?

ಮೊದಮೊದಲಿನ ಗಣಕಯಂತ್ರಗಳನ್ನು ಒಂದು ಸಲಕ್ಕೆ ಒಬ್ಬರ ಕೆಲಸಕ್ಕೆ ಮಾತ್ರ ಬಳಸುತ್ತಿದ್ದರು. ಆಗ ಯಂತ್ರವು 'ನೀನು ಯಾರು?' ಎಂದು ಕೇಳುವ ಪ್ರಮೇಯವಿರಲಿಲ್ಲ. ೧೯೬೧ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಂಗಡಿಗರು, ಒಂದೇ ಯಂತ್ರದ ಕಾಲವನ್ನು ಹಲವರಿಗೆ ಹಂಚಿಕೊಡುವ ಏರ್ಪಾಡನ್ನು ಮಾಡಿ ತೋರಿಸಿದರು. ಹಲವರು ಕೂಡಿ ಒಂದು ಯಂತ್ರವನ್ನು ಬಳಸತೊಡಗಿದೊಡನೆಯೇ ಯಾರ ಬರಹ ಯಾರದು ಎಂಬ ಪ್ರಶ್ನೆ ಎದ್ದಿತು. ಪ್ರತಿಯೊಬ್ಬರಿಗೂ ಒಂದು ಹೆಸರು, ಆ ಹೆಸರಿಗೊಂದು ಗುಪ್ತಪದ ಎಂಬ ಪದ್ಧತಿ ಬಂದದ್ದು ಹೀಗೆ. ಬ್ಯಾಂಕಿನಲ್ಲಿ ನಮ್ಮ ಹಣಕ್ಕೆ ಖಾತೆಯಿರುವಂತೆ, ಯಂತ್ರದಲ್ಲಿ ನಮ್ಮ ಬರಹಗಳಿಗೂ ನಮ್ಮ ಅಧಿಕಾರಗಳಿಗೂ ಇರುವುದೇ 'ಖಾತೆ'.

ಯಂತ್ರ ಒಂದೇ ಇದ್ದಾಗ 'ಮಹದೇವ' ಎಂಬ ಹೆಸರು ಒಬ್ಬನಿಗಿದ್ದರೆ ಸಾಕಾಗಿತ್ತು. ಯಂತ್ರಗಳು ತಂತಿಗಳ ಮೂಲಕ ಒಂದಕ್ಕೊಂದು ಸೇರಿ ಜಾಲವಾದಮೇಲೆ, ಅಲ್ಲೊಬ್ಬ ಮಹದೇವ, ಇಲ್ಲೊಬ್ಬ ಮಹದೇವ ಎದುರಾದರು. ಯಂತ್ರಗಳ ಹೆಸರುಗಳಿಗೂ ಇದೇ ಗತಿಯಾಯಿತು. ಅಮೆರಿಕದ ಆರ್ಪಾನೆಟ್ ಜಾಲದಲ್ಲಿದ್ದ ಎಲ್ಲ ಯಂತ್ರಗಳ ಹೆಸರುಗಳನ್ನು ಕ್ಯಾಲಿಫೋರ್ನಿಯದ ಒಂದು ಕಚೇರಿಯಲ್ಲಿ ಒಂದೇ ಪಟ್ಟಿಯಾಗಿ ಬರೆದಿಡುತ್ತಿದ್ದರು. ಎಲಿಜಬೆತ್ ಫೈನ್ಲರ್ ಎಂಬ ವಿದುಷಿಯ ತಂಡ ಆ ಪಟ್ಟಿಯನ್ನು ಕಾಪಾಡುತ್ತಿತ್ತು. ಜಾಲ ಬೆಳೆದಂತೆ ಪಟ್ಟಿ ಕೈಮೀರಿತು. ೧೯೮೩ರಲ್ಲಿ ಪಾಲ್ ಮೊಕಪೆಟ್ರಿಸ್ ಅವರು ಇದಕ್ಕೆ ಪರಿಹಾರ ಸೂಚಿಸಿದರು: ಎಲ್ಲ ಹೆಸರುಗಳನ್ನೂ ಒಬ್ಬರೇ ಬರೆದಿಡುವುದು ಬೇಡ; ಹೆಸರುಗಳ ರಾಜ್ಯವನ್ನು ಸೀಮೆಗಳಾಗಿ ಒಡೆದು, ಆಯಾ ಸೀಮೆಯ ಹೆಸರುಗಳನ್ನು ಆಯಾ ಸೀಮೆಯವರೇ ನೋಡಿಕೊಳ್ಳಲಿ. ಈ ಸೀಮೆಗೇ ಇಂಗ್ಲಿಷಿನಲ್ಲಿ 'ಡೊಮೈನ್' ಎಂದು ಹೆಸರು.

ಸೀಮೆಯೊಳಗಿನ ಹೆಸರು

ಉದಾಹರಣೆಗಾಗಿ, ಒಂದೇ ಆಡಳಿತ ಮಂಡಲಿಗೆ ಸೇರಿದ ಎರಡು ಕಾಲೇಜುಗಳಿವೆ, ಒಂದು ನಂಜನಗೂಡಿನಲ್ಲಿ, ಇನ್ನೊಂದು ತಿ. ನರಸೀಪುರದಲ್ಲಿ ಎಂದು ಊಹಿಸಿಕೊಳ್ಳೋಣ. ಒಂದೊಂದಕ್ಕೂ ಒಂದೊಂದು ಡೊಮೈನ್. ನಂಜನಗೂಡಿನ ಡೊಮೈನಿನಲ್ಲಿ ಒಬ್ಬ ಮಹದೇವನಿದ್ದು, ನರಸೀಪುರದ ಡೊಮೈನಿನಲ್ಲಿ ಮತ್ತೊಬ್ಬ ಮಹದೇವನಿದ್ದರೆ ಬಾಧಕವಿಲ್ಲ. ಪೂರ್ಣ ಹೆಸರಿನಲ್ಲಿ ಡೊಮೈನೂ ಸೇರಿರುವುದರಿಂದ ಇಬ್ಬರೂ ಬೇರೆಯಾಗಿಯೇ ಉಳಿಯುತ್ತಾರೆ.

ಈ ಪೂರ್ಣ ಹೆಸರನ್ನು ಬರೆಯುವ ರೀತಿಗಳು ಎರಡು. ಮೊದಲನೆಯದು 'ನಂಜನಗೂಡು\ಮಹದೇವ'. ನಡುವೆ ಇರುವುದು 'ಬ್ಯಾಕ್‌ಸ್ಲ್ಯಾಷ್' ಎಂಬ, ಹಿಂದಕ್ಕೆ ವಾಲಿದ ಗೆರೆ. ಎರಡನೆಯದು 'ಮಹದೇವ@ನಂಜನಗೂಡು' ಎಂಬ ಮಾದರಿಯದು. (ಯಂತ್ರದಲ್ಲಿ ಈ ಹೆಸರುಗಳನ್ನು ಸಾಮಾನ್ಯವಾಗಿ ರೋಮನ್ ಅಕ್ಷರಗಳಲ್ಲಿ ಬರೆಯುತ್ತಾರೆ. ಓದುವ ಅನುಕೂಲಕ್ಕಾಗಿ ನಾವು ಕನ್ನಡದಲ್ಲಿ ಕೊಟ್ಟಿದ್ದೇವೆ.) ಈ ಎರಡು ರೀತಿಗಳೂ ಕನ್ನಡಿಗರಿಗೆ ಹೊಸವಲ್ಲ. ನಮ್ಮಲ್ಲಿ ಹೆಸರಿನ ಹಿಂದೆ ಇನಿಷಿಯಲ್ ಹಾಕುವಾಗ ಊರು ಮೊದಲು, ಆಮೇಲೆ ತಂದೆ, ಕೊನೆಯಲ್ಲಿ ತಾನು. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಕ್ರಮ ಅದು. ಲಕೋಟೆಯ ಮೇಲೆ ವಿಳಾಸ ಬರೆಯುವಾಗಲಾದರೋ ಮೊದಲು ವ್ಯಕ್ತಿ, ಆಮೇಲೆ ಬೀದಿ, ಊರು, ತಾಲ್ಲೂಕು, ಜಿಲ್ಲೆ; ಚಿಕ್ಕದರಿಂದ ದೊಡ್ಡದಕ್ಕೆ ಏರುವ ಕ್ರಮ ಇದು. ಬ್ಯಾಕ್‌ಸ್ಲ್ಯಾಷಿನ ರೀತಿ ಇನಿಷಿಯಲ್ಲಿನಂತೆ, ಎರಡನೆಯದು ಲಕೋಟೆಯಂತೆ. ಹೇಳುವ ಸಂಗತಿ ಒಂದೇ, ಅನುಕ್ರಮ ಮಾತ್ರ ತಲೆಕೆಳಗು.

ಇನ್ನು ಡೊಮೈನಿಗೆ ಹೆಸರಿಡುವುದು. 'ತಿ.ನರಸೀಪುರ' ಎಂದೇ ಇಟ್ಟರಾಗದೆ? ಆಗದು. ಡೊಮೈನುಗಳ ಹೆಸರಿನಲ್ಲಿ ಚುಕ್ಕೆಗೆ ವಿಶೇಷ ಅರ್ಥವಿದೆ. ಅದು ಒಂದು ಸೀಮೆಯನ್ನು ಇನ್ನೊಂದರಿಂದ ಬೇರ್ಪಡಿಸುವ ಬೇಲಿ. ಆದ್ದರಿಂದ ಯಂತ್ರವು ಆ ಹೆಸರನ್ನು 'ನರಸೀಪುರ ಎಂಬ ದೊಡ್ಡ ಸೀಮೆಯೊಳಗಿನ ತಿ ಎಂಬ ಚಿಕ್ಕ ಸೀಮೆ' ಎಂದು ಓದಿಕೊಳ್ಳುತ್ತದೆ. ಚುಕ್ಕೆ ಬಿಟ್ಟು ಪೂರ್ಣನಾಮವನ್ನೇ ಬರೆಯೋಣವೆಂದರೆ, ರೋಮನ್ ಲಿಪಿಯಲ್ಲಿ 'ತಿರುಮಕೂಡಲು' ಎಂಬುದಕ್ಕೆ ೧೨, 'ನರಸೀಪುರ' ಎಂಬುದಕ್ಕೆ ೧೦, ಒಟ್ಟು ೨೨ ಅಕ್ಷರಗಳಾಗುತ್ತವೆ. ಬ್ಯಾಕ್‌ಸ್ಲ್ಯಾಷಿನ ಎಡಕ್ಕೆ ಬರೆಯುವ ಡೊಮೈನ್ ಹೆಸರಿಗೆ ೧೫ ಅಕ್ಷರಗಳೇ ಮಿತಿ. ಕೊನೆಗೆ ಚುಕ್ಕೆಯಿಲ್ಲದ 'ಟಿನರಸೀಪುರ' ಎಂಬ ೧೧ ಅಕ್ಷರಗಳ ರೂಪಕ್ಕೆ ಒಪ್ಪಿಕೊಳ್ಳಬೇಕಾದೀತು. ನಂಜನಗೂಡಿನ ತೊಡಕು ಬೇರೆ ಬಗೆಯದು. ರೋಮನ್ ಲಿಪಿಯಲ್ಲಿ ಆ ಹೆಸರಿನ ನಡುವಿನ ಅಕಾರವನ್ನು ಕೆಲವರು ಬರೆಯುತ್ತಾರೆ, ಕೆಲವರು ಬಿಡುತ್ತಾರೆ. ಕೊನೆಯ ಉಕಾರವೂ ಹಾಗೆಯೇ. ಎರಡೆರಡಲ ನಾಲ್ಕು: ಒಂದೇ ಊರಿಗೆ ನಾಲ್ಕು ಕಾಗುಣಿತಗಳು. ಯಂತ್ರದ ಪಾಲಿಗೆ ನಾಲ್ಕು ಬೇರೆ ಬೇರೆ ಊರುಗಳು!

ನಮ್ಮವರ ಹೆಸರುಗಳು

ಈ ಎರಡು ತಾಲ್ಲೂಕುಗಳ ಹಾಜರಿ ಪುಸ್ತಕಗಳನ್ನು ತೆರೆದು ನೋಡಿದವರಿಗೆ ಒಂದು ಸಂಗತಿ ತಟ್ಟನೆ ಕಾಣುತ್ತದೆ. ನಂಜುಂಡೇಶ್ವರನ ಕ್ಷೇತ್ರವಾದ್ದರಿಂದ ನಂಜುಂಡ, ನಂಜುಂಡಸ್ವಾಮಿ, ನಂಜುಂಡಯ್ಯ, ನಂಜಮ್ಮ, ಶ್ರೀಕಂಠ ಮುಂತಾದ ಹೆಸರುಗಳು ಇಲ್ಲಿ ಹೇರಳ. ಮಲೆಯ ಮಾದಪ್ಪನ ಒಕ್ಕಲುಗಳಲ್ಲಿ ಮಾದಪ್ಪ, ಮಾದೇಶ, ಮಹದೇವ, ಮಹದೇವಸ್ವಾಮಿ, ಮಹದೇವಮ್ಮ ಎಂಬ ಹೆಸರುಗಳು ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿವೆ. ದೈವದ ಮೇಲಿನ ಭಕ್ತಿಯಿಂದ ಇಟ್ಟ ಹೆಸರುಗಳು ಒಂದೇ ಆಗಿರುವುದು ಸಹಜ. ಊರಿನ ಜನ ಇವರನ್ನು ಮನೆತನದಿಂದಲೊ ಕೇರಿಯಿಂದಲೊ ಗುರುತಿಸುತ್ತಾರೆ. ಯಂತ್ರವು ಗುರುತಿಸುವುದು ಅಕ್ಷರಗಳ ಸಾಲಿನಿಂದ.

ಆ ಅಕ್ಷರಗಳ ಸಾಲಿಗೂ ಮಿತಿಯುಂಟು. ಮೈಕ್ರೋಸಾಫ್ಟ್ ಸಂಸ್ಥೆ ೨೦೦೦ದಲ್ಲಿ ಹೊರತಂದ 'ಆಕ್ಟಿವ್ ಡೈರೆಕ್ಟರಿ' ಎಂಬ ಏರ್ಪಾಡು ಇಂದು ಅನೇಕ ಕಚೇರಿಗಳಲ್ಲಿಯೂ ಕಾಲೇಜುಗಳಲ್ಲಿಯೂ ಬಳಕೆಯಲ್ಲಿದೆ. ಜಾಲದಲ್ಲಿರುವ ಎಲ್ಲರ ಖಾತೆಗಳ ವಿವರವನ್ನು ಒಂದೆಡೆ ಬರೆದಿಟ್ಟ ಮಹಾ ದಫ್ತರ ಅದು. ಹಳೆಯ ಯಂತ್ರಗಳೊಡನೆ ಹೊಂದಿಕೆಯಾಗಲೆಂದು, ಬ್ಯಾಕ್‌ಸ್ಲ್ಯಾಷಿನ ಬಲಕ್ಕೆ ಬರುವ ಖಾತೆಯ ಹೆಸರಿಗೆ ಅದರಲ್ಲಿ ೨೦ ಅಕ್ಷರಗಳ ಮಿತಿಯನ್ನು ಇಟ್ಟಿದ್ದಾರೆ. ಈಗ, ತನ್ನ ಹೆಸರು, ಒಂದು ಚುಕ್ಕೆ, ತಂದೆಯ ಹೆಸರು ಎಂಬ ಸೂತ್ರದಂತೆ ಖಾತೆಯ ಹೆಸರುಗಳನ್ನು ಮಾಡುತ್ತೇವೆಂದುಕೊಳ್ಳಿ. ಮಹದೇವಪ್ಪನವರ ಮಗ ನಂಜುಂಡಸ್ವಾಮಿ: ರೋಮನ್ ಲಿಪಿಯಲ್ಲಿ ೧೩ ಅಕ್ಷರ, ಒಂದು ಚುಕ್ಕೆ, ಮತ್ತೆ ೧೧ ಅಕ್ಷರ, ಒಟ್ಟು ೨೫. ಅದನ್ನು ೨೦ಕ್ಕೆ ಕತ್ತರಿಸಿದರೆ 'ನಂಜುಂಡಸ್ವಾಮಿ.ಮಹದೇ' ಎಂದು ಉಳಿಯುತ್ತದೆ. ಮಹದೇವಯ್ಯನವರ ಮಗ ನಂಜುಂಡಸ್ವಾಮಿಯದನ್ನು ಕತ್ತರಿಸಿದರೆ ಉಳಿಯುವುದೂ ಅದೇ. ಮಹದೇವಸ್ವಾಮಿಯವರ ಮಗನದೂ ಅದೇ! ಮೂವರು ಹುಡುಗರು ಒಂದೇ ಬಾಗಿಲಿಗೆ ಬಂದು ನಿಂತಂತಾಯಿತು.

ಕತ್ತರಿಸುವುದರ ಬದಲು ಮೂರು ಇನಿಷಿಯಲ್ಲುಗಳನ್ನೇ ಹೆಸರಾಗಿ ಇಟ್ಟರೆ ಹೇಗೆ? ರೋಮನ್ ಲಿಪಿಯಲ್ಲಿ ೨೬ ಅಕ್ಷರಗಳಿರುವುದರಿಂದ ೨೬ × ೨೬ × ೨೬ = ೧೭,೫೭೬ ಬೇರೆ ಬೇರೆ ಹೆಸರುಗಳು ಸಿಕ್ಕುತ್ತವೆ. ೬೦೦ ವಿದ್ಯಾರ್ಥಿಗಳಿಗೆ ಇದು ಧಾರಾಳವಾಯಿತೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಲೆಕ್ಕ ಹಾಗಿಲ್ಲ. ೬೦೦ ಮಂದಿಯಲ್ಲಿ ಇಬ್ಬಿಬ್ಬರ ಜೋಡಿಗಳು ೬೦೦ × ೫೯೯ ÷ ೨ = ೧,೭೯,೭೦೦. ಪ್ರತಿ ೧೭,೫೭೬ ಜೋಡಿಗಳಿಗೆ ಒಂದರಂತೆ ಹೆಸರುಗಳು ಒಂದೇ ಆಗುವ ಸಂಭವವಿರುವುದರಿಂದ, ಸುಮಾರು ೧೦ ಜೋಡಿಗಳು ಡಿಕ್ಕಿಯಾಗುವುದನ್ನು ನಿರೀಕ್ಷಿಸಬೇಕು. ೨೩ ಮಂದಿಯ ಗುಂಪಿನಲ್ಲಿ ಇಬ್ಬರ ಜನ್ಮದಿನ ಒಂದೇ ಆಗಿರುವ ಸಂಭವ ಅರ್ಧಕ್ಕಿಂತ ಹೆಚ್ಚು ಎಂಬ ಪ್ರಸಿದ್ಧ ಲೆಕ್ಕವೂ ಇದೇ ಜಾತಿಯದು. ಮೇಲಾಗಿ, ಈ ಗಣನೆಯಲ್ಲಿ ೨೬ ಅಕ್ಷರಗಳೂ ಸಮಸಮವಾಗಿ ಬರುತ್ತವೆಂದು ಇಟ್ಟುಕೊಂಡಿದ್ದೇವೆ. ನಮ್ಮ ಹೆಸರುಗಳಲ್ಲಿ ಎಂ, ಎನ್, ಎಸ್ ಅಕ್ಷರಗಳಿಗೆ ಇರುವ ಬಳಕೆ ಕ್ಯೂ, ಎಕ್ಸ್ ಅಕ್ಷರಗಳಿಗೆ ಎಲ್ಲಿದೆ? ಆದ್ದರಿಂದ ನಿಜವಾದ ಡಿಕ್ಕಿಗಳು ಇನ್ನೂ ಹೆಚ್ಚು.

ಹೆಸರಿನ ಹಿಂದಿರುವ ಸಂಖ್ಯೆ

ಇಷ್ಟೊಂದು ತೊಡಕಿರುವ ಹೆಸರನ್ನು ನಂಬಿ ಯಂತ್ರವು ಹೇಗೆ ಕೆಲಸ ನಡೆಸುತ್ತದೆ? ಇಲ್ಲಿಯೇ ಸ್ವಾರಸ್ಯವಿರುವುದು. ಯಂತ್ರವು ಹೆಸರನ್ನು ನಂಬುವುದೇ ಇಲ್ಲ.

ಖಾತೆಯನ್ನು ತೆರೆದ ಕ್ಷಣದಲ್ಲಿ ಡೈರೆಕ್ಟರಿಯು ಅದಕ್ಕೊಂದು ಸಂಖ್ಯೆಯನ್ನು ಕೊಡುತ್ತದೆ. ಅದು 'ಎಸ್-೧-೫-೨೧' ಎಂದು ಆರಂಭವಾಗುವ ಉದ್ದನೆಯ ಸಾಲು. ಅದರ ನಡುವಣ ಭಾಗ ಡೊಮೈನಿನ ಗುರುತು. ಕೊನೆಯ ಭಾಗ ಆ ಡೊಮೈನಿನೊಳಗೆ ಆ ಖಾತೆಯ ಗುರುತು. ಹೊಸದಾಗಿ ತೆರೆಯುವ ಖಾತೆಗಳ ಕೊನೆಯ ಭಾಗ ೧೦೦೦ದಿಂದ ಮೇಲಕ್ಕೆ ನಡೆಯುತ್ತದೆ. ಮುಖ್ಯ ಅಧಿಕಾರಿಯ ಖಾತೆಗೆ ಸದಾ ೫೦೦. ಭದ್ರತೆಗಾಗಿ ಆ ಖಾತೆಯ ಹೆಸರನ್ನು ಬದಲಿಸಿದರೂ ೫೦೦ ಬದಲಾಗದು. ಯುನಿಕ್ಸ್ ಮಾದರಿಯ ಯಂತ್ರಗಳಲ್ಲಿಯೂ ಇದೇ ತತ್ತ್ವವಿದೆ. ಅಲ್ಲಿ ಸರ್ವಾಧಿಕಾರಿಯ ಸಂಖ್ಯೆ ೦. ಕಡತವೊಂದನ್ನು ನೀವು ಉಳಿಸಿದಾಗ ಅದರ ಮೇಲೆ ಯಂತ್ರವು ಬರೆದುಕೊಳ್ಳುವುದು ನಿಮ್ಮ ಹೆಸರನ್ನಲ್ಲ, ಈ ಸಂಖ್ಯೆಯನ್ನು. ತೆರೆಯ ಮೇಲೆ ಕಾಣುವ ಹೆಸರು, ಯಂತ್ರವು ಆ ಸಂಖ್ಯೆಯನ್ನು ನೋಡಿ ನಮಗಾಗಿ ಮಾಡಿದ ಅನುವಾದ ಮಾತ್ರ. ಖಾತೆಯನ್ನು ಅಳಿಸಿದಮೇಲೆ ಅದರ ಕಡತಗಳ ವಿವರದಲ್ಲಿ ಹೆಸರಿನ ಬದಲು ಬರಿಯ ಸಂಖ್ಯೆ ಕಾಣಿಸುವುದು ಇದರಿಂದಲೇ.

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಅಪರಿಚಿತವಾದ ಭಾವನೆಯಲ್ಲ. ನಂಜನಗೂಡು ಎಲ್ಲಿದೆ ಎಂದರೆ ಮೈಸೂರಿನವರು ದಕ್ಷಿಣಕ್ಕೆ ಕೈ ತೋರಿಸುತ್ತಾರೆ, ತಿ. ನರಸೀಪುರದವರು ಪಶ್ಚಿಮದ ಕಡೆಗೆ ತೋರಿಸುತ್ತಾರೆ. ಮೂಲಬಿಂದು ಬದಲಾದಂತೆ ನಿರ್ದೇಶಾಂಕಗಳು ಬದಲಾಗುತ್ತವೆ. ಊರು ಮಾತ್ರ ಇದ್ದಲ್ಲೇ ಇದೆ. ಹೆಸರು ನಿರ್ದೇಶಾಂಕದಂತೆ, ಗುರುತು ಬಿಂದುವಿನಂತೆ.

ನಮ್ಮ ಜಿಲ್ಲೆಯ ಹೆಸರೇ ಇದಕ್ಕೆ ಒಳ್ಳೆಯ ನಿದರ್ಶನ. ೨೦೧೪ರ ನವೆಂಬರ್ ೧ರಂದು ಕರ್ನಾಟಕದ ೧೨ ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದವು. ಇಂಗ್ಲಿಷಿನ 'ಮೈಸೋರ್' ಹೋಗಿ 'ಮೈಸೂರು' ಬಂದಿತು. ಕನ್ನಡದಲ್ಲಿ ಬರೆಯುವವನಿಗೆ ಆ ದಿನ ಯಾವ ಬದಲಾವಣೆಯೂ ಆಗಲಿಲ್ಲ; ಮೊದಲೂ ಮೈಸೂರು, ಆಮೇಲೂ ಮೈಸೂರು. ರೋಮನ್ ಅಕ್ಷರಗಳನ್ನು ಹೋಲಿಸಿ ನೋಡುವ ಯಂತ್ರಕ್ಕೆ ಮಾತ್ರ ಹಳೆಯ ಪಟ್ಟಿಯ ನಗರವೇ ಬೇರೆ, ಹೊಸ ಪಟ್ಟಿಯದೇ ಬೇರೆ. ೧೯೭೨ರಲ್ಲಿ ಜಾರಿಗೆ ಬಂದ ಅಂಚೆಯ ಪಿನ್ ಸಂಖ್ಯೆಗಳಿಗೆ ಈ ಬಾಧೆಯಿಲ್ಲ. ನಂಜನಗೂಡಿನ ಹೆಸರನ್ನು ಮೇಲೆ ಹೇಳಿದ ನಾಲ್ಕು ಕಾಗುಣಿತಗಳಲ್ಲಿ ಯಾವುದರಲ್ಲಿ ಬರೆದರೂ ೫೭೧೩೦೧ ಎಂದು ಸೇರಿಸಿದರೆ ಕಾಗದ ತಲುಪುತ್ತದೆ.

ಇದರಿಂದ ಒಂದು ಮುಖ್ಯವಾದ ಎಚ್ಚರಿಕೆ ಹೊರಡುತ್ತದೆ. ಒಬ್ಬ ವಿದ್ಯಾರ್ಥಿನಿಯ ಖಾತೆಯನ್ನು ಪ್ರಮಾದದಿಂದ ಅಳಿಸಿ, ಒಡನೆಯೇ ಅದೇ ಹೆಸರಿನಲ್ಲಿ ಹೊಸ ಖಾತೆಯನ್ನು ತೆರೆದುಕೊಟ್ಟರೆ ಎಲ್ಲವೂ ಸರಿಹೋಯಿತೆ? ಇಲ್ಲ. ಹೆಸರು ಹಳೆಯದು, ಸಂಖ್ಯೆ ಹೊಸದು. ಅವಳ ಹಳೆಯ ಕಡತಗಳು ಅವಳನ್ನು ಅಪರಿಚಿತಳೆಂದೇ ಬಗೆದು ಬಾಗಿಲು ತೆರೆಯವು. ಆಕ್ಟಿವ್ ಡೈರೆಕ್ಟರಿಯು ಒಮ್ಮೆ ಕೊಟ್ಟ ಸಂಖ್ಯೆಯನ್ನು ಮತ್ತೊಬ್ಬರಿಗೆ ಕೊಡುವುದಿಲ್ಲ. ಯುನಿಕ್ಸ್ ಮಾದರಿಯ ಕೆಲವು ಏರ್ಪಾಡುಗಳಲ್ಲಿ ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು: ಬಿಟ್ಟುಹೋದವರ ಸಂಖ್ಯೆ ಹೊಸಬರಿಗೆ ಸಿಕ್ಕಿದರೆ, ಹಳಬರ ಕಡತಗಳೆಲ್ಲ ಹೊಸಬರ ಸ್ವತ್ತಾಗಿಬಿಡುತ್ತವೆ.

ಸ್ಕ್ರಿಪ್ಟ್ ಮಾಡಬೇಕಾದ ಕೆಲಸ

ವರ್ಷಾರಂಭದಲ್ಲಿ ನೂರಾರು ಖಾತೆಗಳನ್ನು ತೆರೆಯಬೇಕು; ವರ್ಷಾಂತ್ಯದಲ್ಲಿ ತೇರ್ಗಡೆಯಾಗಿ ಹೋದವರ ಖಾತೆಗಳನ್ನು ಮುಚ್ಚಬೇಕು. ಇದನ್ನು ಕೈಯಿಂದ ಒಂದೊಂದಾಗಿ ಮಾಡುವುದು ಬೇಸರದ ಕೆಲಸ. ಬೇಸರದ ಕೆಲಸದಲ್ಲಿ ತಪ್ಪುಗಳು ಸಹಜ. ಆದ್ದರಿಂದ ಜಾಲದ ಮೇಲ್ವಿಚಾರಕರು 'ಸ್ಕ್ರಿಪ್ಟ್' ಬರೆಯುತ್ತಾರೆ. ನಾಟಕದ ಪ್ರತಿಯಲ್ಲಿ ಯಾರು ಯಾವಾಗ ಏನು ಮಾಡಬೇಕೆಂದು ಸಾಲುಸಾಲಾಗಿ ಬರೆದಿರುವಂತೆ, ಯಂತ್ರವು ಮಾಡಬೇಕಾದ ಕೆಲಸಗಳನ್ನು ಅನುಕ್ರಮವಾಗಿ ಬರೆದಿಟ್ಟ ಪ್ರತಿಯೇ ಸ್ಕ್ರಿಪ್ಟ್. ಯುನಿಕ್ಸಿನಲ್ಲಿ 'ಶೆಲ್' ಎಂಬುದರ ಮೂಲಕವೂ, ವಿಂಡೋಸ್ ಯಂತ್ರಗಳಲ್ಲಿ ೨೦೦೬ರಲ್ಲಿ ಬಂದ 'ಪವರ್‌ಶೆಲ್' ಮೂಲಕವೂ ಇಂಥ ಪ್ರತಿಗಳನ್ನು ನಡೆಸಬಹುದು. ನಟನು ಪ್ರತಿಯಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಹೇಳುತ್ತಾನೆ. ಯಂತ್ರವು ತಪ್ಪನ್ನೂ ಅಷ್ಟೇ ನಿಷ್ಠೆಯಿಂದ, ಅಷ್ಟೇ ವೇಗದಿಂದ ಅಭಿನಯಿಸುತ್ತದೆ.

ಕೆಟ್ಟ ಸ್ಕ್ರಿಪ್ಟು ಹೇಗಿರುತ್ತದೆಂಬುದನ್ನು ಮೊದಲು ನೋಡೋಣ. 'ಮಹದೇವ ಎಂದು ಆರಂಭವಾಗುವ ಖಾತೆಯನ್ನು ಅಳಿಸು' ಎಂಬ ಒಂದು ಸಾಲು ಸಾಕು. ಬರೆದವನ ಮನಸ್ಸಿನಲ್ಲಿದ್ದುದು ಕಾಲೇಜು ಬಿಟ್ಟ ಒಬ್ಬ ಮಹದೇವ. ಯಂತ್ರವು ಮಹದೇವಸ್ವಾಮಿ, ಮಹದೇವಪ್ಪ, ಮಹದೇವಯ್ಯ, ಮಹದೇವಮ್ಮ ಎಲ್ಲರನ್ನೂ ಕ್ಷಣಮಾತ್ರದಲ್ಲಿ ಅಳಿಸಿ, ಮುಂದಿನ ಅಪ್ಪಣೆಗಾಗಿ ಕಾದು ನಿಲ್ಲುತ್ತದೆ. ಬೇರೆ ಕಡೆ ಹೆಚ್ಚು ಹಾನಿಮಾಡದೆ ಹೋಗಬಹುದಾದ ಇಂಥ ಸಾಲು ನಮ್ಮ ತಾಲ್ಲೂಕುಗಳಲ್ಲಿ ತರಗತಿಯ ಒಂದು ಬೆಂಚನ್ನೇ ಖಾಲಿಮಾಡೀತು.

ಒಳ್ಳೆಯ ಸ್ಕ್ರಿಪ್ಟಿನ ನಡೆ ಹೀಗಿರಬೇಕು:

೧. ಪಟ್ಟಿಯಿಂದ ಒಂದು ಹೆಸರನ್ನು ಓದು. ಹಿಂದುಮುಂದಿನ ಖಾಲಿ ಸ್ಥಳಗಳನ್ನು ತೆಗೆದುಹಾಕು.

೨. ಹೆಸರಿನಲ್ಲಿ ಬ್ಯಾಕ್‌ಸ್ಲ್ಯಾಷ್ ಇದ್ದರೆ ಎಡಭಾಗವನ್ನು ಡೊಮೈನೆಂದೂ ಬಲಭಾಗವನ್ನು ಖಾತೆಯೆಂದೂ ತಿಳಿ. @ ಚಿಹ್ನೆ ಇದ್ದರೆ ಎಡಭಾಗ ಖಾತೆ, ಬಲಭಾಗ ಡೊಮೈನ್.

೩. ಎರಡು ಚಿಹ್ನೆಗಳೂ ಇಲ್ಲದಿದ್ದರೆ ಊಹೆಮಾಡಬೇಡ. ಬರಿಯ 'ಮಹದೇವ' ನಂಜನಗೂಡಿನವನೋ ನರಸೀಪುರದವನೋ ತಿಳಿಯದು. ಅಂಥ ಹೆಸರನ್ನು ಬೇರೆ ಪಟ್ಟಿಯಲ್ಲಿ ಬರೆದಿಟ್ಟು ಮುಂದಕ್ಕೆ ಹೋಗು.

೪. ರೋಮನ್ ಲಿಪಿಯ ದೊಡ್ಡಕ್ಷರ ಚಿಕ್ಕಕ್ಷರಗಳನ್ನು ಒಂದೇ ರೂಪಕ್ಕೆ ತಾ. ವಿಂಡೋಸ್ ಡೊಮೈನಿಗೆ ಎರಡೂ ಒಂದೇ. ಯುನಿಕ್ಸಿಗೆ ಬೇರೆ ಬೇರೆ.

೫. ಈ ಹೆಸರಿನ ಸಂಖ್ಯೆ ಯಾವುದೆಂದು ಡೈರೆಕ್ಟರಿಯನ್ನು ಕೇಳು. ಉತ್ತರವಾಗಿ ಬಂದ ಖಾತೆ ಸರಿಯಾಗಿ ಒಂದೇ ಆಗಿದ್ದರೆ ಮುಂದುವರಿ. ಒಂದೂ ಬಾರದಿದ್ದರೆ, ಅಥವಾ ಒಂದಕ್ಕಿಂತ ಹೆಚ್ಚು ಬಂದರೆ ನಿಲ್ಲು.

೬. ಮಾಡಬೇಕಾದ ಕೆಲಸವನ್ನು ಹೆಸರಿನ ಮೇಲಲ್ಲದೆ ಆ ಸಂಖ್ಯೆಯ ಮೇಲೆ ಮಾಡು. ಮಾಡಿದ್ದನ್ನು ದಿನಚರಿಯಲ್ಲಿ ಬರೆ.

ಇವುಗಳಲ್ಲಿ ೩ನೆಯದೂ ೫ನೆಯದೂ ಬಹುಮುಖ್ಯ. ಕಂಡಕ್ಟರು ಕೇಳುವ "ಯಾವ ನರಸೀಪುರ?" ಎಂಬ ಮರುಪ್ರಶ್ನೆಯನ್ನು ಯಂತ್ರಕ್ಕೆ ಕಲಿಸಿಕೊಡುವುದೇ ಈ ಎರಡು ಸಾಲುಗಳ ಉದ್ದೇಶ.

ಇನ್ನೆರಡು ನಿಯಮಗಳನ್ನು ಅನುಭವಸ್ಥರು ಪಾಲಿಸುತ್ತಾರೆ. ಮೊದಲನೆಯದು, ತಾಲೀಮು. ಪವರ್‌ಶೆಲ್ಲಿನಲ್ಲಿ 'ವಾಟ್‌ಇಫ್' ಎಂಬ ಸೂಚನೆಯನ್ನು ಸೇರಿಸಿದರೆ, ಅದನ್ನು ಬಲ್ಲ ಅಪ್ಪಣೆಗಳು ಕೆಲಸವನ್ನು ಮಾಡದೆಯೇ 'ಮಾಡಿದ್ದರೆ ಏನಾಗುತ್ತಿತ್ತು' ಎಂದು ತೋರಿಸುತ್ತವೆ. ಅದನ್ನು ಓದಿ ಒಪ್ಪಿದಮೇಲೆಯೇ ನಿಜವಾದ ಪ್ರಯೋಗ. ಎರಡನೆಯದು, ಅಳಿಸುವುದಕ್ಕೆ ಮೊದಲು ಬೀಗ ಹಾಕುವುದು. ಹೋದವರ ಖಾತೆಗೆ ಬೀಗ ಹಾಕಿಟ್ಟರೆ ಸಂಖ್ಯೆಯೂ ಕಡತಗಳೂ ಹಾಗೆಯೇ ಇರುತ್ತವೆ. ತಪ್ಪೆಂದು ತಿಳಿದರೆ ಬೀಗ ತೆಗೆಯಬಹುದು.

ಒಂದು ಗೆರೆಯ ತ್ರಾಸ

ಬ್ಯಾಕ್‌ಸ್ಲ್ಯಾಷಿನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಿ, ಪೈತಾನ್ ಮೊದಲಾದ ಗಣಕಭಾಷೆಗಳಲ್ಲಿ, ಉದ್ಧರಣ ಚಿಹ್ನೆಗಳ ನಡುವೆ ಬರೆದ ಬ್ಯಾಕ್‌ಸ್ಲ್ಯಾಷಿಗೆ 'ಮುಂದಿನ ಅಕ್ಷರಕ್ಕೆ ವಿಶೇಷಾರ್ಥವಿದೆ' ಎಂಬ ಸಂಕೇತವುಂಟು. ಅದರ ಮುಂದೆ ರೋಮನ್ ಲಿಪಿಯ ಚಿಕ್ಕ ಎನ್ ಬಂದರೆ ಹೊಸ ಸಾಲು. ಟಿ ಬಂದರೆ ಉದ್ದನೆಯ ಖಾಲಿ ಜಾಗ. ಬಿ ಬಂದರೆ ಒಂದಕ್ಷರ ಹಿಂದಕ್ಕೆ. ಈಗ 'ನಂಜನಗೂಡು\ನಂಜುಂಡ' ಎಂದು ಸ್ಕ್ರಿಪ್ಟಿನೊಳಗೆ ಬರೆದೆವೆನ್ನಿ. ಯಂತ್ರವು ನಂಜನಗೂಡು ಎಂದು ಓದಿ, ಹೊಸ ಸಾಲಿಗೆ ಹೋಗಿ, ಮೊದಲ ಅಕ್ಷರವನ್ನು ನುಂಗಿ 'ಅಂಜುಂಡ' ಎಂದು ಓದುತ್ತದೆ! ತಿಮ್ಮಯ್ಯನಿಗೂ ಬಸವರಾಜನಿಗೂ ಇಂಥದೇ ಅವಸ್ಥೆ. ಪೈತಾನಿನಲ್ಲಿ ಎಂ ಅಕ್ಷರಕ್ಕೆ ಇಂಥ ವಿಶೇಷಾರ್ಥವಿಲ್ಲದ ಕಾರಣ ಮಹದೇವನು ಮಾತ್ರ ಪಾರಾಗುತ್ತಾನೆ. ಮಹದೇವನ ಹೆಸರೊಂದನ್ನೇ ಇಟ್ಟು ಪರೀಕ್ಷಿಸಿದವನಿಗೆ ಸ್ಕ್ರಿಪ್ಟು ಸರಿಯಾಗಿಯೇ ಇದೆಯೆಂಬ ಭ್ರಾಂತಿ ಉಂಟಾಗುವುದು ಸಹಜ. ಒಂದು ಉದಾಹರಣೆಯಲ್ಲಿ ಸರಿಬಂದುದು ಎಲ್ಲೆಡೆಯೂ ಸರಿಯೆಂಬುದಕ್ಕೆ ಪ್ರಮಾಣವಲ್ಲವೆಂದು ಪ್ರಯೋಗಶಾಲೆಯಲ್ಲಿ ನಾವು ಹೇಳುವುದಿಲ್ಲವೆ? ಅದೇ ಮಾತು ಇಲ್ಲಿಗೂ ಸಲ್ಲುತ್ತದೆ. ಬ್ಯಾಕ್‌ಸ್ಲ್ಯಾಷನ್ನು ಎರಡು ಸಲ ಬರೆಯುವುದು ಇದಕ್ಕೆ ಸುಲಭವಾದ ಪರಿಹಾರ.

ಕನ್ನಡದಲ್ಲಿಯೇ ಬರೆದರೆ?

ರೋಮನ್ ಲಿಪಿಯಲ್ಲಿ ಮಹದೇವ, ಮಹಾದೇವ ಎರಡನ್ನೂ ಒಂದೇ ರೀತಿ ಬರೆಯುವುದು ರೂಢಿ. ಹ್ರಸ್ವ ದೀರ್ಘಗಳ ಭೇದ ಅಲ್ಲಿ ನಷ್ಟವಾಗುತ್ತದೆ. ಹೆಸರುಗಳನ್ನು ಕನ್ನಡದಲ್ಲಿಯೇ ಬರೆದಿಟ್ಟರೆ ಈ ನಷ್ಟ ತಪ್ಪುತ್ತದೆ. ೧೯೯೧ರಲ್ಲಿ ಮೊದಲ ಸಲ ಪ್ರಕಟವಾದ 'ಯೂನಿಕೋಡ್' ಸಂಕೇತದಲ್ಲಿ ಕನ್ನಡ ಲಿಪಿಗೆ ೧೨೮ ಸ್ಥಾನಗಳನ್ನು ಮೀಸಲಿಟ್ಟಿದ್ದಾರೆ. ಜಾಲದ ವಿಳಾಸಗಳ ಕೊನೆಯಲ್ಲಿ ಕನ್ನಡದಲ್ಲಿಯೇ '.ಭಾರತ' ಎಂದು ಬರೆಯುವ ಅನುಕೂಲವೂ ಇದೆ.

ಆದರೆ ಇಲ್ಲಿಯೂ ಎಚ್ಚರ ಬೇಕು. 'ನರಸೀಪುರ' ಎಂಬ ಪದವನ್ನೇ ತೆಗೆದುಕೊಳ್ಳಿ. ಅದರ 'ಸೀ' ಎಂಬಲ್ಲಿಯ ದೀರ್ಘ ಈಕಾರವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಹ್ರಸ್ವ ಇಕಾರ ಒಂದು, ದೀರ್ಘದ ಚಿಹ್ನೆ ಒಂದು ಎಂದು ಎರಡು ಸಂಕೇತಗಳಾಗಿಯೂ ಬರೆಯಬಹುದು. ಮೊದಲ ರೀತಿಯಲ್ಲಿ ಇಡೀ ಪದಕ್ಕೆ ೭ ಸಂಕೇತಗಳು, ಎರಡನೆಯದರಲ್ಲಿ ೮. ಕಣ್ಣಿಗೆ ಎರಡೂ ಒಂದೇ; ಸಂಕೇತಗಳನ್ನು ಎಣಿಸಿ ನೋಡುವ ಯಂತ್ರಕ್ಕೆ ಎರಡು ಬೇರೆ ಊರುಗಳು. ಆದ್ದರಿಂದ ಹೋಲಿಸುವ ಮೊದಲು ಎಲ್ಲ ಹೆಸರುಗಳನ್ನೂ ಒಂದು ನಿಶ್ಚಿತ ರೂಪಕ್ಕೆ ತರುವ ಸಾಲು ಸ್ಕ್ರಿಪ್ಟಿನಲ್ಲಿ ಇರಲೇಬೇಕು. ಇದಕ್ಕೆ ಬೇಕಾದ ನಿಯಮಗಳನ್ನು ಯೂನಿಕೋಡಿನಲ್ಲಿಯೇ ಕೊಟ್ಟಿದ್ದಾರೆ.

ಹಾಗಾದರೆ ವಿದ್ಯಾರ್ಥಿಗಳ ಖಾತೆಗಳಿಗೆ ಯಾವ ಹೆಸರು ಇಡುವುದು ಮೇಲು? ಕಾಲೇಜು ಕೊಡುವ ದಾಖಲಾತಿ ಸಂಖ್ಯೆಯನ್ನು ಖಾತೆಯ ಹೆಸರಾಗಿಟ್ಟು, ವಿದ್ಯಾರ್ಥಿಯ ಹೆಸರನ್ನು ಅವನ ಅಥವಾ ಅವಳ ಇಷ್ಟದಂತೆ ಪೂರ್ಣವಾಗಿ, ಕನ್ನಡದಲ್ಲಿ, ಪ್ರದರ್ಶನಕ್ಕಾಗಿ ಬೇರೆ ಅಂಕಣದಲ್ಲಿ ಬರೆದಿಡುವುದು ಉತ್ತಮ. ಸಂಖ್ಯೆಯಲ್ಲಿ ಡಿಕ್ಕಿಯಿಲ್ಲ, ಹೆಸರನ್ನು ಕತ್ತರಿಸುವ ಅಗತ್ಯವೂ ಇಲ್ಲ. ಆಧಾರ್ ಸಂಖ್ಯೆಯನ್ನು ಮಾತ್ರ ಈ ಕೆಲಸಕ್ಕೆ ಬಳಸಕೂಡದು. ಖಾತೆಯ ಹೆಸರು ಹತ್ತು ಜನರ ಕಣ್ಣಿಗೆ ಬೀಳತಕ್ಕದ್ದು. ಆಧಾರ್ ಸಂಖ್ಯೆ ಹಾಗೆ ಬೀಳತಕ್ಕದ್ದಲ್ಲ.

ಈ ವಿಚಾರಗಳನ್ನು ಪರೀಕ್ಷಿಸಲು ಗಣಕಯಂತ್ರವೇ ಬೇಕೆಂದಿಲ್ಲ. ವಾಚಕರು ತಮ್ಮ ತರಗತಿಯವರ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಲಿ. ಮೊದಲು ಮೂರು ಇನಿಷಿಯಲ್ಲುಗಳ ಸೂತ್ರದಂತೆ, ಆಮೇಲೆ ೨೦ ಅಕ್ಷರಗಳ ಸೂತ್ರದಂತೆ ಖಾತೆಯ ಹೆಸರುಗಳನ್ನು ಮಾಡಿ, ಎಷ್ಟು ಡಿಕ್ಕಿಗಳಾದವೆಂದು ಎಣಿಸಲಿ. ಲೆಕ್ಕದಿಂದ ಬರುವ ಸಂಖ್ಯೆಗೂ ಎಣಿಸಿದ ಸಂಖ್ಯೆಗೂ ಇರುವ ಅಂತರವನ್ನು ನೋಡಿ, ಅದಕ್ಕೆ ಕಾರಣವನ್ನು ಯೋಚಿಸಲಿ. ಮುಂದೆ ಇವರಲ್ಲಿ ಕೆಲವರಾದರೂ ಯಾವುದೋ ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ಸಾವಿರಾರು ಜನರ ಖಾತೆಗಳನ್ನು ನೋಡಿಕೊಳ್ಳುವ ಹೊಣೆ ಹೊರುವರು. ಆಗ 'ಅಳಿಸು' ಎಂಬ ಸಾಲನ್ನು ಬರೆಯುವ ಮೊದಲು, ಇದು ಯಾವ ಮಹದೇವ ಎಂದು ಒಮ್ಮೆ ಕೇಳುವ ಅಭ್ಯಾಸವಿದ್ದರೆ, ಒಬ್ಬ ಹುಡುಗನ ವರ್ಷದ ಕೆಲಸ ಉಳಿಯುತ್ತದೆ.